ಅಮ್ಮನಿಂದ ಬಾರದ ಕೊರತೆ

ಮಾರ್ಚ್ ೧೨, ಗುರುವಾರ

ಪುಟ್ಟಿಗೆ,

ಅಕ್ಕನ ಆಶೀರ್ವಾದ. ‘ಪ್ರೀತಿಯ’ ಅಂತ ಶುರು ಮಾಡಿ ಹೊಡೆದು ಹಾಕಿದೆ. ಇವತ್ತು ನಿನ್ನ ಮೇಲೆ ಅಷ್ಟೇನೂ ಪ್ರೀತಿ ಉಕ್ಕುತ್ತಿಲ್ಲ. ನೀನು ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ನೀನು ‘ಅಕ್ಕಾ’ ಅಂತ ರಾಗ ಎಳೆದ ಕೂಡಲೇ ನಾನು ಕರಗಿಬಿಡುತ್ತೇನೆ. ಕರಗದೆ ಹೇಳಬೇಕಾದ ಮಾತಿದೆ, ಅದಕ್ಕೇ ತಡವಾದರೂ ಈ ಕಾಗದ.

ಇಲ್ಲಿ ಎಲ್ಲ ಎಂದಿನಂತೆ. ಅಂಗಡಿಯಲ್ಲಿ ಶಾಲೆ ಯೂನಿಫಾರ್ಮಿನ ರಾಶಿ ಬಿದ್ದಿದೆ. ಮೆಷಿನ್ ತುಳಿದು ತುಳಿದು ಮಂಡಿ ಹಿಡಿದುಕೊಂಡಿದೆ. ನಿನ್ನ ಭಾವನಿಗೆ ಶುಗರ್ ಮತ್ತೆ ಏರಿದೆ. ಸಿಹಿ ಮುಟ್ಟಿಲ್ಲ ಅಂತ ಆಣೆ ಮಾಡುತ್ತಾರೆ, ಮೀಸೆಯ ಮೇಲೆ ಸಕ್ಕರೆ ಕೂತಿರುತ್ತದೆ.

ನಿನ್ನ ಚರ್ಮದ ಡಾಕ್ಟರು ಒಡಹುಟ್ಟಿದವರ ರಕ್ತವೂ ಬೇಕು ಅಂದರಲ್ಲ, ಕೊಟ್ಟು ಬಂದೆ. ಫಲಿತಾಂಶಕ್ಕೆ ಹೋದಾಗ ಇಲ್ಲಿಯ ಡಾಕ್ಟರಮ್ಮ ಕೂರಿಸಿಕೊಂಡು ಬಿಡಿಸಿ ಹೇಳಿದರು. ಸೆರಮೈಡ್ ಅನ್ನುವುದು ಒಂದು ಬಗೆಯ ಕೊಬ್ಬಂತೆ. ಅದನ್ನು ತಯಾರಿಸುವ ಕಿಣ್ವಗಳು ನಮ್ಮ ಮೈಯಲ್ಲಿ ಆರು ಇವೆಯಂತೆ. ಅದರಲ್ಲಿ ಚರ್ಮಕ್ಕೆ ಬೇಕಾದ ಒಂದು ನಿನ್ನಲ್ಲಿ ಕೆಲಸ ಮಾಡುವುದಿಲ್ಲ. “ಇಟ್ಟಿಗೆ ಇದೆ, ನಡುವೆ ಸಿಮೆಂಟ್ ಇಲ್ಲ ಅಂದ್ಕೊಳ್ಳಿ” ಅಂದರು. ನಾನು ಟೈಲರಲ್ಲವೇ, ಬಟ್ಟೆ ಇದೆ, ಹೊಲಿಗೆ ಇಲ್ಲ ಅಂದುಕೊಂಡೆ. ಅದಕ್ಕೇ ನೀರಿನ ಪಸೆ ನಿಲ್ಲದೆ ನಿನ್ನ ಮೈ ಒಣಗಿ ಸಿಪ್ಪೆ ಏಳುವುದು.

“ಹಾಗಾದ್ರೆ ಇದು ಜಾಸ್ತಿ ಇದ್ದಷ್ಟೂ ಒಳ್ಳೇದಾ?” ಅಂತ ಕೇಳಿದೆ.

“ಹಾಗೂ ಇಲ್ಲಮ್ಮ. ಲಿವರ್‌ನಲ್ಲಿ ಇನ್ನೊಂದು ಬಗೆಯ ಸೆರಮೈಡ್ ಜಾಸ್ತಿ ಆದ್ರೆ ಮೈ ಇನ್ಸುಲಿನ್ ಮಾತು ಕೇಳಲ್ಲ. ಶುಗರ್ ಏರೋಕೆ ಅದೂ ಒಂದು ಕಾರಣ ಇರಬಹುದು” ಅಂದರು. ಮನೆಗೆ ಬಂದು ಇದನ್ನು ಹೇಳಿದ್ದೇ ತಡ, ನಿನ್ನ ಭಾವ “ನೋಡ್ದೆಯಾ, ತಪ್ಪು ನಂದಲ್ಲ, ಕಿಣ್ವದ್ದು” ಅಂತ ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು.

ಇನ್ನು ನನ್ನ ವಿಷಯ. ಆ ಕಿಣ್ವದ ಜೀನ್ ಎಲ್ಲರಲ್ಲೂ ಎರಡಿರುತ್ತದಂತೆ, ಅಪ್ಪನದೊಂದು, ಅಮ್ಮನದೊಂದು. ನಮ್ಮ ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಕೆಟ್ಟದ್ದಿತ್ತು. ಜೊತೆಗೆ ಒಳ್ಳೆಯದೂ ಒಂದಿದ್ದದ್ದರಿಂದ ಅವರಿಗೇನೂ ಆಗಲಿಲ್ಲ. ನಿನಗೆ ಎರಡೂ ಕೆಟ್ಟವೇ ಬಂದವು. ನನಗೆ ಎರಡೂ ಒಳ್ಳೆಯವು. “ನಿಮಗೆ ಕೆಟ್ಟದ್ದು ಒಂದೂ ಬಂದಿಲ್ಲ, ಖುಷಿಯಾಗಿರಿ” ಅಂದರು ಡಾಕ್ಟರಮ್ಮ. ನಾನು ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು ಅತ್ತೆ. ಪಕ್ಕದ ಹೆಂಗಸು ಏನೋ ದೊಡ್ಡ ಕಾಯಿಲೆ ಇರಬೇಕು ಅಂದುಕೊಂಡು ನೀರಿನ ಬಾಟಲಿ ಕೊಟ್ಟಳು. ಏನೂ ಇಲ್ಲ ಅಂತಲೇ ಅಳುತ್ತಿದ್ದೇನೆ ಅಂತ ಅವಳಿಗೆ ಹೇಗೆ ಹೇಳಲಿ?

ನಿನ್ನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಕಣೇ. ಇವತ್ತು ನಿನ್ನೆಯದಲ್ಲ. ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಅಮ್ಮ ನಿನ್ನನ್ನು ಕಾಲ ಮೇಲೆ ಮಲಗಿಸಿಕೊಂಡು ಮುಲಾಮು ಹಚ್ಚುತ್ತಿದ್ದಳು. ಬೆನ್ನು, ತೋಳು, ಬೆರಳಿನ ಸಂದು, ಕಿವಿಯ ಹಿಂದೆ. ಏನೇನೋ ಹಾಡಿಕೊಂಡು, ಅವಸರವೇ ಇಲ್ಲದೆ. ನಾನು ಬಾಗಿಲಲ್ಲಿ ನಿಂತು ನನ್ನ ಜಡೆ ನಾನೇ ಹಾಕಿಕೊಳ್ಳುತ್ತಿದ್ದೆ. “ನೀನು ಜಾಣೆ, ನಿಂಗೇನೂ ಬೇಕಾಗಿಲ್ಲ” ಅನ್ನುತ್ತಿದ್ದಳು. ಒಮ್ಮೆ ಎರಡೂ ತೋಳಿಗೆ ಅಂಟು ಬಳಿದುಕೊಂಡು ಒಣಗಿಸಿ, ಸಿಪ್ಪೆ ಎದ್ದಿದೆ ಅಂತ ಹೋಗಿ ತೋರಿಸಿದೆ. ಅಮ್ಮ ಮೂಸಿ ನೋಡಿ ಬೆನ್ನಿಗೊಂದು ಬಿಟ್ಟಳು. ಅದೂ ಅಮ್ಮನ ಕೈಯೇ ತಾನೆ ಅಂತ ಸಮಾಧಾನ ಮಾಡಿಕೊಂಡೆ.

ನೀನು ಪಟ್ಟ ಪಾಡು ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡ. ನಿನ್ನ ಹಿಮ್ಮಡಿ ಬಿರಿದು ರಕ್ತ ಬರುತ್ತಿದ್ದದ್ದು, ಆಟದಲ್ಲಿ ಯಾರೂ ನಿನ್ನ ಕೈ ಹಿಡಿಯದೆ ನೀನು ಒಬ್ಬಳೇ ನಿಂತಿದ್ದದ್ದು, ಎಲ್ಲ ನೆನಪಿದೆ. ಆಗ ನಿನ್ನ ಕೈ ಹಿಡಿದವಳು ನಾನೇ. ಹಿಡಿದುಕೊಂಡೇ ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

ಅಪ್ಪ ಹೋದ ಮೇಲೆ ಅಮ್ಮ ನಿನ್ನ ಮನೆ ಸೇರಿದಳು. ಒಂದು ತಿಂಗಳು ನನ್ನಲ್ಲಿಗೆ ಬಾ ಅಂದರೆ, “ಚಳಿ ಕಳೀಲಿ, ಅವಳ ಮೈ ಒಡೀತಿದೆ” ಅನ್ನುತ್ತಾಳೆ. ಚಳಿ ಕಳೆದರೆ, “ಸೆಖೆ ಶುರುವಾಯ್ತು, ಅವಳಿಗೆ ಬೆವರೋದಿಲ್ಲ, ಒದ್ದಾಡ್ತಾಳೆ.” ಬೆನ್ನಿಗೆ ಹಚ್ಚೋದಕ್ಕೆ ನಿನ್ನ ಗಂಡನಿಲ್ಲವೇ? ಅವನ ಕೈಗೇನು ಬಂದಿದೆ ಧಾಡಿ?

ಇರಲಿ, ಇಷ್ಟು ಬರೆದ ಮೇಲೆ ಎದೆ ಸ್ವಲ್ಪ ಹಗುರಾಯಿತು. ಹೊಸ ಮುಲಾಮು ಹಿಡಿಸಿದೆಯೇ, ಬರಿ. ನಿನ್ನ ಮೈ ತಣ್ಣಗಿರಲಿ, ನಿನ್ನ ಮನೆ ತುಂಬಲಿ. ಇದನ್ನು ಮಾತ್ರ ಮನಸಾರೆ ಬರೆದಿದ್ದೇನೆ.

ಇಂತು,
ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಿನ್ನ ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡಿದ್ದ ಅಮ್ಮ, ನಾನು ರಕ್ತ ಕೊಡಲು ಹೊರಟ ದಿನ ಫೋನಿನಲ್ಲಿ, “ನಿಂಗೂ ನನ್ನಿಂದ ಕೆಟ್ಟದ್ದೊಂದು ಬಂದಿದೆ ಅಂತಾದ್ರೆ ಹೇಳು, ಅವತ್ತೇ ಹೊರಟು ಬರ್ತೀನಿ” ಅಂದಳು. “ಒಂದೇ ಬಂದ್ರೆ ಏನೂ ಆಗೋದಿಲ್ಲಮ್ಮ, ನಿಂಗೇ ಆಗಿಲ್ವಲ್ಲ” ಅಂತ ಆಮೇಲೆ ಎಷ್ಟು ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ಈಗ ಫಲಿತಾಂಶ ಏನಾಯಿತು ಅಂತ ಕೇಳುತ್ತಲೇ ಇದ್ದಾಳೆ, ಇನ್ನೂ ಬಂದಿಲ್ಲ ಅನ್ನುತ್ತಲೇ ಇದ್ದೇನೆ. ಪುಟ್ಟಿ, ಒಂದು ಬಂದಿದೆ ಅಂತ ನೀನು ಹೇಳಿಬಿಡು. ಅವಳಿಗೆ ನೋವಾಗುತ್ತದೆ, ಗೊತ್ತು. ಆಗಲಿ. ನನಗೋಸ್ಕರ ಒಮ್ಮೆ ನೋಯಲಿ.