ಖಾಯಿಲೆಯ ಖ

ಮಾರ್ಚ್ 3, ಸಂಜೆ 7
ಔಷಧಿ ಡಬ್ಬಿಯ ಚೀಟಿ. ಏಳು ಸಲ ಪ್ರೂಫ್ ನೋಡಿದೆ. 5 ಮಿಲಿ ಹೋಗಿ 50 ಆಗಿದ್ದರೆ? ಯಾರದೋ ಮಗು ಸತ್ತರೆ? ಬಸ್ ಹತ್ತಿದವಳು ಇಳಿದು ಪ್ರೆಸ್ಸಿಗೆ ವಾಪಸ್ ಓಡಿದೆ. 5 ಇತ್ತು. ಇರುತ್ತದೆಂದು ಗೊತ್ತೂ ಇತ್ತು. ಪುಟ್ಟಿ ಸ್ಕೂಲ್ ಗೇಟಿನಲ್ಲಿ ಒಂದೂವರೆ ಗಂಟೆ ಕಾದಳು. "ಅಮ್ಮಾ, ನಾಳೇನೂ ಹಿಂಗೇನಾ?" ಎಂದಳು.

ಮಾರ್ಚ್ 6
ಡಾಕ್ಟರಮ್ಮನ ಬಾಗಿಲಲ್ಲೇ ಬೋರ್ಡು — "ಮಾನಸಿಕ ಖಾಯಿಲೆಗಳ ಚಿಕಿತ್ಸೆ". ಕಾಯಿಲೆಗೆ ಮಹಾಪ್ರಾಣ ಯಾಕೆ? ಕೂತೊಡನೆ ಅದನ್ನೇ ಹೇಳಿದೆ. ನಕ್ಕರು. ಓಸಿಡಿ, ಅಂದರೆ ಗೀಳಿನ ಕಾಯಿಲೆ, ಎಂದರು. ಆರು ವರ್ಷ "ಟೆನ್ಶನ್ ಮಾಡ್ಕೋಬೇಡಿ" ಎಂದು ನಿದ್ದೆಮಾತ್ರೆ ಬರೆದ ಬೇರೆ ಡಾಕ್ಟರುಗಳ ಬಾಯಿಗೆ ಈ ಮೂರಕ್ಷರ ಬರಲಿಲ್ಲವೇ? ಮೈಯೆಲ್ಲ ಉರಿಯಿತು.
ದಾರಿ ಎರಡು. ಮಾತ್ರೆ — ಗುಣ ಕಾಣಲು ವಾರಗಟ್ಟಲೆ ಬೇಕು. ಇನ್ನೊಂದು ಅಭ್ಯಾಸ — ಭಯ ಬಂದರೂ ಮತ್ತೆ ನೋಡದೆ ಕೂರುವುದು. ಎರಡಕ್ಕೂ ಒಪ್ಪಿದೆ. ಪ್ರೆಸ್ಸಿನಲ್ಲಿ ಎರಡೇ ಓದು. ಹೇಗೂ ನನ್ನ ನಂತರ ಇನ್ನಿಬ್ಬರು ನೋಡುತ್ತಾರೆ. ಡೈರಿಯಲ್ಲಿ ಬೇಕೆಂದೇ ಒಂದು ತಪ್ಪು ಬರೆದು ತಿದ್ದದೆ ಬಿಡಬೇಕಂತೆ! "ಸರಿ ಇತ್ತಲ್ವಾ?" ಎಂದು ನಾನು ಕೇಳಿದರೆ ಮನೆಯಲ್ಲಿ ನನ್ನ ಗಂಡ ಉತ್ತರ ಕೊಡಬಾರದಂತೆ.

ಮಾರ್ಚ್ 10
ಪ್ರೆಸ್ಸಿನ ಮಾಲೀಕರಿಗೆ ಹೇಳಿದೆ. "ಅಯ್ಯೋ, ಅದ್ಯಾಕಮ್ಮ ವಾಸಿ ಮಾಡ್ಕೋತೀಯ? ಏಳು ಸಲ ಓದೋರು ಇನ್ನೆಲ್ಲಿ ಸಿಕ್ತಾರೆ? ನಂಗೂ ಸ್ವಲ್ಪ ಓಸಿಡಿ ಇದೆ, ಟೇಬಲ್ ನೀಟಾಗಿರ್ಬೇಕು."
ಆ ಟೇಬಲ್ ನೋಡಬೇಕು! ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಮಾರ್ಚ್ 29
ಬರೆಯಲಾಗಲಿಲ್ಲ. ಮಾತ್ರೆಗೆ ಹೊಟ್ಟೆ ತೊಳಸು. ಮೂರು ಸಲ ಸೋತು ವಾಪಸ್ ಓಡಿದೆ. ನಿನ್ನೆ "ಸರಿ ಇತ್ತಲ್ವಾ?" ಎಂದು ಇವರನ್ನು ಕಾಡಿಸಿ ಕೇಳಿದೆ. ಎದ್ದು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತರು ಪಾಪ.

ಏಪ್ರಿಲ್ 7, ಸಂಜೆ 5.40
ಎರಡು ಸಲ ಓದಿದೆ. ಪೆನ್ಸಿಲ್ ಇಟ್ಟೆ. ಮಾಲೀಕರು ಹಾಳೆಗಳನ್ನು ಮತ್ತೆ ನನ್ನ ಕಡೆ ತಳ್ಳಿದರು. "ಇನ್ನೊಂದ್ಸಲ ನೋಡಮ್ಮ, ನಿಂಗೇ ಸಮಾಧಾನ."
"ಸಮಾಧಾನ ನಂಗಲ್ಲ ಸಾರ್, ನಿಮಗೆ. ಇದು ನನ್ನ ಒಳ್ಳೇ ಗುಣ ಅಲ್ಲ, ಕಾಯಿಲೆ" ಎಂದೆ. ದನಿ ನಡುಗಿತು. ನಡುಗಲಿ. ನೇರ ಸ್ಕೂಲಿಗೆ ಹೋದೆ. ಗೇಟಿನಲ್ಲಿ ಪುಟ್ಟಿ ಇನ್ನೂ ಬ್ಯಾಗನ್ನೇ ಹೆಗಲಿಗೇರಿಸಿರಲಿಲ್ಲ. ಗಡಿಯಾರ ನೋಡಿ, ನನ್ನ ಮುಖ ನೋಡಿದಳು.
ಈಗ ಡಾಕ್ಟರಮ್ಮ ಕೊಟ್ಟ ಹೋಮ್‌ವರ್ಕ್.
ಖಾಯಿಲೆ.
ಬರೆದಾಯಿತು. ಎದೆ ಹೊಡೆದುಕೊಳ್ಳುತ್ತಿದೆ. ಹತ್ತು ನಿಮಿಷ ಆಯಿತು. ಪುಟ್ಟಿ ಬಂದು ರಬ್ಬರ್ ಎತ್ತಿಟ್ಟುಕೊಂಡಳು, ಕಳ್ಳಿ. ಇನ್ನೂ ಖ-ನೇ ಇದೆ. ಯಾರೂ ಸತ್ತಿಲ್ಲ. ಇರಲಿ, ಅದು ಅಲ್ಲೇ. ಈ ಸಾಲಿಗೆ ಚುಕ್ಕಿಯನ್ನೂ ಇಡುವುದಿಲ್ಲ