ಅತ್ತೆಯ ಫೈಲಿನ ಖಾಲಿ ಸಾಲು

ಅತ್ತೆಗೆ,

ಮೊದಲು ಕಾರ್ಖಾನೆಯವರು ಕೊಡುತ್ತೇವೆಂದದ್ದನ್ನು ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ. ಬ್ಯಾಟರಿ ಕಾರ್ಖಾನೆಯ ಆಸಿಡ್ ಹಾಲ್‌ನಲ್ಲಿ ದುಡಿಯುವವರಿಗೆ ಮೂಗು ಬಾಯಿ ಮುಚ್ಚುವ ಮಾಸ್ಕು. ಆವಿಯನ್ನು ಹೊರಗೆಳೆಯುವ ನಾಲ್ಕು ಫ್ಯಾನು. ಆರು ತಿಂಗಳಿಗೊಮ್ಮೆ ಹಲ್ಲಿನ ತಪಾಸಣೆ. ಕೆಲಸದಿಂದಲೇ ಹಲ್ಲು ಹೋದರೆ ಕಾರ್ಖಾನೆಯೇ ಸೆಟ್ಟು ಕಟ್ಟಿಸಿಕೊಡುವುದು. ಮಾಸ್ಕು ಬಂದದ್ದು ಮೇಲಧಿಕಾರಿಗಳು ನೋಡಲು ಬಂದ ದಿನ, ಹೋದದ್ದು ಅವರ ಬೆನ್ನಿಗೇ. ನಾಲ್ಕರಲ್ಲಿ ಒಂದು ಫ್ಯಾನು ತಿರುಗಿತು, ಅದೂ ಮ್ಯಾನೇಜರನ ಕೋಣೆಯ ಪಕ್ಕದ್ದು. ತಪಾಸಣೆ ನಡೆದದ್ದು ರಿಜಿಸ್ಟರಿನಲ್ಲಿ ಮಾತ್ರ. ಇಪ್ಪತ್ತೆರಡು ವರ್ಷ ಅಲ್ಲಿ ನಿಂತ ನಿಮ್ಮ ಬಾಯಲ್ಲಿ ಈಗ ಒಂದೂ ಹಲ್ಲಿಲ್ಲ. ಸೆಟ್ಟು ಕೇಳಿದಿರಿ, ಇಲ್ಲ ಎಂದರು. ಆ 'ಇಲ್ಲ'ಕ್ಕೆ ಅವರು ತೋರಿಸಿದ ಆಧಾರ ನಮ್ಮ ಆಸ್ಪತ್ರೆಯ ಒಂದು ಹಾಳೆ. ಅದರ ಕೆಳಗೆ ಇದ್ದದ್ದು ನನ್ನ ನಂಬರು, ನಲವತ್ತೊಂದು.

ಆ ನಂಬರನ್ನು ನೀವು ದಿನಾ ನೋಡುತ್ತಿದ್ದಿರಿ. ಬಾಗಿಲ ಹಿಂದಿನ ಮೊಳೆಗೆ ನಾನು ನೇತುಹಾಕುವ ಗುರುತಿನ ಚೀಟಿಯಲ್ಲಿದೆ. ಹಾಳೆಯನ್ನು ಅದರ ಪಕ್ಕ ಹಿಡಿದು ನೋಡಿದಿರಿ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಚೀಲಕ್ಕೆ ಎರಡು ಜೊತೆ ಬಟ್ಟೆ ತುರುಕಿಕೊಂಡು ಮಗಳ ಮನೆಗೆ ಹೊರಟುಬಿಟ್ಟಿರಿ. ಇವತ್ತಿಗೆ ಹನ್ನೊಂದು ದಿನ. ಫೋನು ಮಾಡಿದರೆ ನಾದಿನಿ ಎತ್ತಿ, "ಅಮ್ಮ ಮಲಗಿದಾರೆ ಅತ್ತಿಗೆ" ಅನ್ನುತ್ತಾಳೆ. ಬೆಳಿಗ್ಗೆ ಒಂಬತ್ತರವರೆಗೆ ಮಲಗುವ ಜಾತಿಯವರಲ್ಲ ನೀವು. ಅದಕ್ಕೇ ಈ ಪತ್ರ.

ಸುತ್ತಿ ಬಳಸಿ ಹೇಳುವುದಿಲ್ಲ. ತಪ್ಪು ನನ್ನದು. ಹೇಗಾಯಿತೆಂದು ನಿಮಗೆ ತಿಳಿದಿರಬೇಕು, ಅಷ್ಟೆ.

ಡಾಕ್ಟರು ಬರೆದ ರೋಗಕ್ಕೆ ಪುಸ್ತಕ ನೋಡಿ ಕೋಡು, ಅಂದರೆ ಗುರುತಿನ ಸಂಖ್ಯೆ, ಹಾಕುವುದು ನನ್ನ ಕೆಲಸ. ಪೂರ್ತಿ ಹಲ್ಲಿಲ್ಲದವರಿಗೆ ಕೋಡು ಒಂದೇ ಅಲ್ಲ. ಪೆಟ್ಟು ಬಿದ್ದು ಹೋದರೆ ಒಂದು, ವಸಡಿನ ರೋಗಕ್ಕೆ ಒಂದು, ಹುಳುಕಿಗೆ ಒಂದು. ಬೇರೆ ಯಾವುದೋ ಗೊತ್ತಾದ ಕಾರಣಕ್ಕೆ ಇನ್ನೊಂದು; ಆಸಿಡ್ ತಿಂದ ಹಲ್ಲು ಸೇರಬೇಕಾದದ್ದು ಅಲ್ಲಿಗೆ. ಎಲ್ಲಕ್ಕಿಂತ ಕೊನೆಯದು, 'ಕಾರಣ ನಮೂದಾಗಿಲ್ಲ'. ನಿಮ್ಮ ಫೈಲಿನಲ್ಲಿ ಹಲ್ಲಿನ ಡಾಕ್ಟರು ಎರಡೂ ದವಡೆಯಲ್ಲಿ ಹಲ್ಲುಗಳಿಲ್ಲ ಎಂದು ಬರೆದು, ಕಾರಣದ ಸಾಲನ್ನು ಖಾಲಿ ಬಿಟ್ಟಿದ್ದರು. ಅವರು ಬರೆಯದ್ದನ್ನು ನಾವು ಊಹಿಸಿ ತುಂಬುವಂತಿಲ್ಲ. ನಿಯಮ ಸರಿಯಾದದ್ದೇ. ಹಳದಿ ಚೀಟಿ ಬರೆದು ಅವರನ್ನೇ ಕೇಳಬೇಕು. ಚೀಟಿ ಹೋಗಿ ಬರಲು ಮೂರು ದಿನ, ಅಷ್ಟರಲ್ಲಿ ಮೇಜಿನ ಮೇಲೆ ಫೈಲು ಹುತ್ತದಂತೆ ಬೆಳೆಯುತ್ತದೆ. ಅದಕ್ಕೇ ನಮ್ಮ ವಿಭಾಗದಲ್ಲಿ ಒಂದು ಚಾಳಿ: ಸಾಲು ಖಾಲಿಯಿದ್ದರೆ ಕೊನೆಯ ಕೋಡು ಬಡಿ, ಮುಂದಿನದನ್ನು ಎತ್ತು. ಅಂದು ತಿಂಗಳ ಕೊನೆಯ ದಿನ, ಎಪ್ಪತ್ತು ಫೈಲು. ಹೊದಿಕೆಯ ಮೇಲಿನ ಹೆಸರು ನೋಡದೆ ನೇರ ಒಳಹಾಳೆಗೆ ಬೆರಳು ಹಾಕಿದೆ. ಮನೆಯವರ ಫೈಲಾದರೆ ಪಕ್ಕದ ಮೇಜಿಗೆ ದಾಟಿಸಬೇಕು, ಅದೂ ನಿಯಮ. ನಾನು ಬಡಿದೆ. ಮುಂದಿನದನ್ನು ಎತ್ತಿದೆ.

ನಿಮ್ಮ ಊಟವನ್ನು ದಿನಾ ಮಿಕ್ಸಿಗೆ ಹಾಕಿ ಕೊಡುವವಳು ನಾನು. ಆ ಬಾಯಿ ಯಾಕೆ ಹೀಗಾಯಿತೆಂದು ನನಗಿಂತ ಬಲ್ಲವರು ಯಾರು? ಆ ಕಾರಣವನ್ನು ನನ್ನ ಕೈಯೇ ಒರೆಸಿತು.

ನೀವು ಹೋದ ಮೇಲೆ ಹಳೆಯ ಪಟ್ಟಿ ತೆಗೆದೆ. ಆಸಿಡ್ ಹಾಲ್‌ನಿಂದ ಬಂದ ಬೊಚ್ಚು ಬಾಯಿಗಳು ಇಪ್ಪತ್ತಮೂರು. ಅಷ್ಟಕ್ಕೂ ಅದೇ ಕೊನೆಯ ಕೋಡು. ಒಂಬತ್ತು ನನ್ನ ಕೈಯವು. ಕಾರ್ಖಾನೆಯವರು ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ ಅತ್ತೆ. "ಆಸ್ಪತ್ರೆ ದಾಖಲೆ ನೋಡ್ಕೊಳ್ಳಿ, ನಮ್ಮಿಂದ ಒಬ್ಬರ ಹಲ್ಲೂ ಹೋಗಿಲ್ಲ" ಎಂದರೆ ಸಾಕು, ದಾಖಲೆಯೇ ಹೂಂಗುಡುತ್ತಿತ್ತು. ಅವರ ಗೇಟಿನ ಮುಂದೆ ಗಂಟಲು ಹರಿದುಕೊಂಡವಳು ನಾನು. ಕುರ್ಚಿ ಸಿಕ್ಕ ಮೇಲೆ ಸಂಬಳವಿಲ್ಲದೆ ಅವರ ಗುಮಾಸ್ತಿಕೆ ಮಾಡಿದೆ.

ನೀವು ನನ್ನನ್ನು ಸೊಸೆ ಮಾಡಿಕೊಂಡದ್ದೇ ಆ ಗೇಟಿನಲ್ಲಿ. ಮುಷ್ಕರದ ಆರನೇ ದಿನ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಕೆಲಸದ ನನ್ನಮ್ಮನ ಪಕ್ಕ ಕೂತು ನಾನು ಘೋಷಣೆ ಕೂಗುತ್ತಿದ್ದೆ. ನೀವು ಮಗನ ಬೆನ್ನಿಗೆ ಗುದ್ದಿದಿರಿ: "ಲೋ, ಈ ಹುಡುಗಿ ಗಂಟಲು ಕೇಳಿದ್ಯಾ? ಮೈಕೇ ಬೇಡ. ಇವಳು ನಮ್ಮನೆಗೆ ಬೇಕು ಕಣೋ." ಅವರು ನಾಚಿ ಬಾವುಟದ ಹಿಂದೆ ಅಡಗಿದರು. ಅವತ್ತಿನ ಫೋಟೊ ಈಗಲೂ ನಮ್ಮ ಗೋಡೆಯ ಮೇಲಿದೆ. ಅದರಲ್ಲಿ ನಿಮ್ಮ ಬಾಯಿ ಅಗಲ ತೆರೆದಿದೆ. ಮುಂದಿನ ಹಲ್ಲುಗಳು ಸವೆದ ಸೀಮೆಸುಣ್ಣದ ಹಾಗೆ ಅರ್ಧಕ್ಕೆ ಬಂದಿವೆ, ಪಕ್ಕದವು ಇನ್ನೂ ಗಟ್ಟಿಮುಟ್ಟು. ಹದಿಮೂರು ವರ್ಷ ಅದರ ಧೂಳು ಒರೆಸಿದ್ದೇನೆ, ಒಂದು ದಿನವೂ ನೋಡಿರಲಿಲ್ಲ.

ಹಲ್ಲು ಪೂರ್ತಿ ಹೋದ ಮೇಲೂ ನಿಮ್ಮ ನಾಲಿಗೆ ಮೊಂಡಾಗಲಿಲ್ಲ. "ಹಲ್ಲು ಕಚ್ಚಿಕೊಂಡು ಸಹಿಸ್ಕೋ ಅಂತಾರೆ ಕಣೇ. ಕಚ್ಚೋಕೆ ಹಲ್ಲನ್ನಾದ್ರೂ ಬಿಡಬೇಕಿತ್ತಲ್ಲ ಮುಂಡೇವು!" ಆದರೆ ಒಂದು ಸಭೆಯಲ್ಲಿ ನಿಮ್ಮ ಘೋಷಣೆ ಗಾಳಿಯಾಗಿ ಹೊರಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಂದಿನಿಂದ ನೀವು ಸಭೆಗೆ ಹೋಗಲಿಲ್ಲ. ನಗುವಾಗಲೂ ಬಾಯಿಗೆ ಕೈ ಅಡ್ಡ. ಮನೆಯಲ್ಲಿ ನಮ್ಮ ಮುಂದೆಯೂ.

ಈಗ ನಾನು ಮಾಡಿದ್ದನ್ನು ಕೇಳಿ. ಮೇಲ್ವಿಚಾರಕರಿಗೆ ನನ್ನ ತಪ್ಪನ್ನು ಬರೆದುಕೊಟ್ಟೆ. ಮೆಮೋ ಕೊಟ್ಟರು, ತೆಗೆದುಕೊಂಡೆ. ಇಪ್ಪತ್ತಮೂರು ಹಳದಿ ಚೀಟಿ ಬರೆದೆ. ಹಲ್ಲಿನ ಡಾಕ್ಟರು ನನ್ನನ್ನು ಕರೆಸಿದರು. "ಏನಮ್ಮಾ, ಇಷ್ಟು ವರ್ಷ ಒಂದು ಚೀಟಿ ಇಲ್ಲ, ಈಗ ಮೂಟೆಗಟ್ಟಲೆ! ನಾನು ನೋಡಿದ್ದು ಖಾಲಿ ಬಾಯಿ. ಖಾಲಿ ಮನೆ ಗೋಡೆ ಕೇಳಿದ್ರೆ, ಇದ್ದವರು ಯಾಕೆ ಹೋದ್ರು ಅಂತ ಹೇಳತ್ತಾ?" ಆ ಮನೆಯ ಯಜಮಾನರನ್ನೇ ಕೇಳಬಹುದಿತ್ತಲ್ಲ ಸಾರ್ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. "ಒಬ್ಬೊಬ್ಬರಿಗೆ ನಾಲ್ಕು ನಿಮಿಷ ಕಣಮ್ಮ. ಕೇಳಲಿಲ್ಲ, ನಿಜ. ಅವರೇ ಬಂದು ಹೇಳ್ಲಿ. ಎಷ್ಟು ವರ್ಷ ಎಲ್ಲಿ ನಿಂತಿದ್ರು, ಯಾವ ಹಲ್ಲು ಮೊದಲು ಸವೀತು. ಹಳೇ ಫೋಟೊ ಇದ್ರೆ ತರಲಿ. ನೋಡಿ, ಸರಿ ಅನ್ನಿಸಿದ್ರೆ ನನ್ನ ಕೈಯಾರೆ ಬರೀತೀನಿ." ಆವಿಯಲ್ಲಿ ನಿಂತವರಿಗೆ ಮುಂದಿನ ಹಲ್ಲು ಮೊದಲು ಸವೆಯುತ್ತದಂತೆ.

ಕಾರ್ಮಿಕ ಸಂಘದವರು ಆಸಿಡ್ ಹಾಲ್‌ನ ಹಳಬರನ್ನೆಲ್ಲ ಕೇಳಿದರು. ಎಲ್ಲರದೂ ಒಂದೇ ಮಾತು: "ಮೊದಲು ದೊಡ್ಡಕ್ಕ ಬಾಯಿ ತೆರೀಲಿ, ಆಮೇಲೆ ನಾವು." ದೊಡ್ಡಕ್ಕ ಎಂದರೆ ನೀವೇ. ನೀವು ಬರದಿದ್ದರೆ ಯಾರೂ ಬರುವುದಿಲ್ಲ. ಆಗ ಇಪ್ಪತ್ತಮೂರು ಬಾಯಿ ಕಾರಣವಿಲ್ಲದೆಯೇ ಬೋಳಾದವು ಎಂದು ಶಾಶ್ವತವಾಗಿ ಉಳಿಯುತ್ತದೆ.

ಕ್ಷಮೆ ಕೇಳಲು ಬರೆದ ಪತ್ರವಲ್ಲ ಇದು. ಅದೇನಿದ್ದರೂ ನೀವು ಎದುರಿಗೆ ನಿಂತು ಬೈದ ಮೇಲೆ. ಬಂದು ಡಾಕ್ಟರ ಮುಂದೆ ಕೈ ತೆಗೆದು ಬಾಯಿ ತೆರೆಯಿರಿ, ಅಷ್ಟೇ ಕೇಳುತ್ತಿದ್ದೇನೆ. ಗಾಳಿ ಬಂದರೆ ಬರಲಿ. ಅಲ್ಲಿ ನಗುವವರಿಲ್ಲ, ಬರೆದುಕೊಳ್ಳುವವರಿದ್ದಾರೆ. ಈ ಸಲ ನಿಮ್ಮ ಫೈಲನ್ನು ನಾನು ಮುಟ್ಟುವುದಿಲ್ಲ, ಪಕ್ಕದ ಮೇಜಿನ ಮೂವತ್ತೆಂಟನೇ ನಂಬರಿನವಳು ನೋಡುತ್ತಾಳೆ. ಫೋಟೊ ಗೋಡೆಯಿಂದ ಇಳಿಸಿ ಕಾಗದದಲ್ಲಿ ಸುತ್ತಿಟ್ಟಿದ್ದೇನೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ಹೊರಗಿನ ಬೆಂಚಿನಲ್ಲಿ ಕೂತಿರುತ್ತೇನೆ.

ಹಿರಿಯರನ್ನು ಹರಸುವ ವಯಸ್ಸು ನನ್ನದಲ್ಲ, ಆದರೂ ಹರಸುತ್ತೇನೆ: ಹಲ್ಲು ಸವೆದ ಹಾಗೆ ನಿಮ್ಮ ಸಿಟ್ಟು ಸವೆಯದಿರಲಿ. ಅದರಲ್ಲಿ ಮೊದಲ ಪಾಲು ನನಗೇ ಇರಲಿ.

ನೀವು ಗೇಟಿನಲ್ಲಿ ಆರಿಸಿಕೊಂಡ ಸೊಸೆ,
ನಲವತ್ತೊಂದನೇ ನಂಬರಿನವಳು

ಆಸ್ಪತ್ರೆಯ ಹಿಂದಿನ ಬಾಗಿಲು, ಎಂಟನೇ ಕೋಣೆ. ಬುಧವಾರ, ಬೆಳಿಗ್ಗೆ ಹತ್ತೂಕಾಲು.