ಹೆಬ್ಬೆರಳು ಮಾತ್ರ ಕಾಣುವ ಚಿತ್ರಗಳು

ಲಕ್ಷ್ಮೇಶ್ವರ
ಶುಕ್ರವಾರ, ೨೪ ನವೆಂಬರ್ ೨೦೨೩

ಮುದ್ದಿನ ಮಗಳು ಫಿಜಾಳಿಗೆ,

ಈಗ ಸಂಜೆ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಇವತ್ತು ಶಾಲೆಯ ಗ್ರಂಥಾಲಯದಲ್ಲಿ ಎಂಟನೆಯ ತರಗತಿಯವರಿಗೆ ಇಪ್ಪತ್ತಾರು ಪುಸ್ತಕ ಕೊಟ್ಟೆ, ಹತ್ತೊಂಬತ್ತು ವಾಪಸು ಬಂದವು. ನಾನಿಲ್ಲದಾಗ ಇಲಿ ಕಡಿದ ಎರಡು ಪುಸ್ತಕಗಳಿಗೆ ಅಂಟು ಹಚ್ಚಿ, ಮೇಲೆ ಇಟ್ಟಿಗೆ ಹೇರಿ ಬಂದೆ. ಮನೆಗೆ ಬಂದು ನಿಮ್ಮಜ್ಜಿಗೆ ಚಹಾ ಮಾಡಿಕೊಟ್ಟು, ಬೆಳಕು ಇರುವಾಗಲೇ ಬರೆಯೋಣವೆಂದು ನಿಮ್ಮಪ್ಪನ ಗಾದಿ ಅಂಗಡಿಯ ಬಾಗಿಲಲ್ಲಿ ಕೂತಿದ್ದೇನೆ.

ನೀನು ಅಪ್ಪನ ಕೈಯಿರುವ ಚಿತ್ರಗಳನ್ನು ಕೇಳಿ ಒಂದು ವಾರವಾಯಿತು. ತಡ ಮಾಡಿದೆ, ಸಿಟ್ಟಾಗಬೇಡ. ಫೋನಿನಲ್ಲಿ ಮೂರು ಸಲ ಬರೆದೆ, ಮೂರೂ ಸಲ ಅಳಿಸಿದೆ. ಅಳಿಸುವುದು ನನಗೆ ಬಹಳ ಸಲೀಸಾಗಿ ಬರುತ್ತದೆ. ಅದಕ್ಕೇ ಹಾಳೆ, ಪೆನ್ನು ಹಿಡಿದೆ.

ನೀನು ಊಟ ಸರಿಯಾಗಿ ಮಾಡುತ್ತೀಯಾ? ಹಾಸ್ಟೆಲಿನ ರೊಟ್ಟಿ ಗಟ್ಟಿ ಎಂದಿದ್ದಿ. ಶೇಂಗಾ ಚಟ್ನಿ ಕಳಿಸುತ್ತಿದ್ದೇನೆ. ನಮ್ಮ ಡ್ರಾಯಿಂಗ್ ಮಾಸ್ತರರು ಗಾಳೆಪ್ಪ ಅವರ ಮಗಳ ಮನೆ ಗದಗಿನಲ್ಲಿ ನಿಮ್ಮ ಕಾಲೇಜಿನ ಹತ್ತಿರವೇ ಇದೆಯಂತೆ. ಚಟ್ನಿಯನ್ನೂ ಈ ಪತ್ರವನ್ನೂ ಮಾಸ್ತರರೇ ತಂದುಕೊಡುತ್ತಾರೆ.

ಅಪ್ಪ ಹೋದ ಮೇಲಿನ ಇದ್ದತ್ ಮುಗಿದು ಈ ಸೋಮವಾರ ಶಾಲೆಗೆ ಹೋದೆ. ನಾಲ್ಕು ತಿಂಗಳು ಹತ್ತು ದಿನ ಒಳಕೋಣೆಯಲ್ಲಿ ಕೂತವಳಿಗೆ ಪೇಟೆಯ ಬಿಸಿಲೇ ದೊಡ್ಡದಾಗಿ ಕಂಡಿತು. ಹೆಡ್ ಮಾಸ್ತರರು ಮೈಲಾರಲಿಂಗಪ್ಪನವರು ಕುರ್ಚಿಯಿಂದ ತಾವೇ ಎದ್ದರು. "ಬರ್ರಿ ಹಸೀನಾಬಿ, ಕುಂಡ್ರಿ" ಅಂದರು. ಮೇಜಿನ ಖಾನೆ ತೆಗೆದು ಗ್ರಂಥಾಲಯದ ಬೀಗದಕೈ ಮುಂದಿಟ್ಟರು. ನಾನು ಕಟ್ಟಿದ್ದ ಕೆಂಪು ದಾರ ಹಾಗೇ ಇತ್ತು.

ಅವರೇ ಅಲ್ಲವೇ ಹೋದ ವರ್ಷ ಎಲ್ಲರ ಮುಂದೆ ಚಾಷ್ಟಿ ಮಾಡಿದವರು? "ಏನ್ರೀ, ನಾ ಇಪ್ಪತ್ತೆಂಟ ವರ್ಷ ನೌಕರಿ ಮಾಡೇನಿ, ನನ್ನ ಮಾರಿ ಯಾರಿಗೂ ಗೊತ್ತಿಲ್ಲ. ನಿಮ್ಮ ಯಜಮಾನ್ರ ಕೈ ಮುಂಡರಗಿತನಾ ಹೆಸರ ಮಾಡೇತಿ!" ಮನೆಗೆ ಬಂದು ಹೇಳಿದಾಗ ನಿಮ್ಮಪ್ಪ ಅರಳೆ ಹಿಂಜುವ ಯಂತ್ರ ನಿಲ್ಲಿಸಿ ನಕ್ಕಿದ್ದರು. ನಕ್ಕು ನಕ್ಕು ಕೆಮ್ಮು ಬಂದಿತ್ತು.

ಗದಗಿನ ತರಬೇತಿಯಿಂದ ನಾನು ಬಂದ ದಿನ ನಿನಗೆ ನೆನಪಿದೆಯಲ್ಲ? ಶಾಲೆಯ ಗ್ರಂಥಾಲಯಕ್ಕೂ ಒಂದು ಫೇಸ್‌ಬುಕ್ ಪುಟ ಇರಬೇಕು, ದಿನಕ್ಕೊಂದು ಪುಸ್ತಕ ತೋರಿಸಬೇಕು, ಮಕ್ಕಳ ಮುಖ ಹಾಕಬಾರದು, ಕೆಟ್ಟ ಮಾತು ಬಂದರೆ ವಾದಿಸದೆ ಅಳಿಸಬೇಕು ಎಂದು ಹೇಳಿಕೊಟ್ಟಿದ್ದರು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದೆ. ಬರೀ ಪುಸ್ತಕವನ್ನು ಮೇಜಿನ ಮೇಲಿಟ್ಟು ಚಿತ್ರ ತೆಗೆದರೆ ಜೀವವೇ ಇರಲಿಲ್ಲ. ನನ್ನ ಕೈ ಹಾಕಲು ನನಗೆ ನಾಚಿಕೆ. ಆಗ ನಿಮ್ಮಪ್ಪ ತಲೆಯ ಮೇಲಿನ ಹತ್ತಿ ಕೊಡವುತ್ತಾ ಬಂದು "ತಾ ಇಲ್ಲೆ, ನಾ ಹಿಡಿತೇನಿ. ಗಾದಿ ಹೊಲ್ಯೋ ಕೈನ ಯಾರ ಗುರ್ತ ಹಿಡಿತಾರ?" ಅಂದರು. ಓದು ಬಾರದ ಮನುಷ್ಯ. ಪ್ರತಿ ಪುಸ್ತಕವನ್ನೂ ಅಂಗೈಯಲ್ಲಿ ತೂಗಿ ನೋಡಿ, "ಇದು ಅರ್ಧ ದಿಂಬು", "ಇದು ಕೂಸಿನ ಗಾದಿ ಆದೀತು" ಎಂದು ಹೇಳಿಯೇ ಹಿಡಿಯುತ್ತಿದ್ದರು. ನಾನು ಅದನ್ನೂ ಚಿತ್ರದ ಕೆಳಗೆ ಬರೆಯುತ್ತಿದ್ದೆ. ಮಕ್ಕಳು ಬಂದು "ಅಕ್ಕೋರ, ಅರ್ಧ ದಿಂಬಿನ ಪುಸ್ತಕ ಕೊಡ್ರಿ" ಎಂದು ಕೇಳತೊಡಗಿದ್ದರು.

ಈ ಬೇಸಿಗೆ ರಜೆಯಲ್ಲಿ ಎರಡು ಚೀಲ ಪುಸ್ತಕ ಮನೆಗೆ ತಂದಿದ್ದೆ. ಮಾಳಿಗೆಯ ಮೇಲೆ, ಇಳಿಬಿಸಿಲಿನಲ್ಲಿ, ನೂರಾ ಮೂವತ್ತು ಪುಸ್ತಕ ಹಿಡಿದರು. ವರ್ಷಕ್ಕೆ ಸಾಕಾಗುವಷ್ಟು ಕೂಡಿಸಿಟ್ಟರೆ ನನಗೆ ಸಲೀಸು ಎಂದು ಅವರದೇ ಅವಸರ. ಜುಲೈಯಲ್ಲಿ ಅವರನ್ನು ಮಣ್ಣಿಗೆ ಕೊಟ್ಟೆವು. ಇದ್ದತ್‌ನಲ್ಲಿ ಕೂತಾಗಲೂ ಶಾಲೆಯಿದ್ದ ದಿನ ಬೆಳಿಗ್ಗೆ ಎಂಟಕ್ಕೆ ಒಂದೊಂದು ಚಿತ್ರ ಹಾಕುತ್ತಾ ಬಂದೆ. ಒಳಕೋಣೆಯಿಂದಲೇ ಆಗುವ ಕೆಲಸ ಅದೊಂದೇ ಇತ್ತು. ಅವರು ತೀರಿಕೊಂಡದ್ದನ್ನು ಪುಟದಲ್ಲಿ ಬರೆಯಲಿಲ್ಲ. ಶಿರಹಟ್ಟಿಯ ಒಬ್ಬ ಶಿಕ್ಷಕಿ ಮೊನ್ನೆಯೂ "ಈ ಕೈ ನೂರು ವರ್ಷ ಬಾಳಲಿ" ಎಂದು ಬರೆದಿದ್ದರು. ನಾನು ಕೈಮುಗಿದ ಚಿತ್ರ ಹಾಕಿದೆ. ಮತ್ತೇನು ಮಾಡಲಿ?

ನಿಮ್ಮಜ್ಜಿ ಮೋತಿಬಿ ಎಂಟಾಗುವುದನ್ನೇ ಕಾಯುತ್ತಾರೆ. "ಹಸೀನಾ, ಇವತ್ತಿಂದು ತೋರ್ಸವಾ" ಅನ್ನುತ್ತಾರೆ. ಕನ್ನಡಕ ಹಾಕಿಕೊಂಡು, ಫೋನಿನ ಗಾಜನ್ನು ಸೆರಗಿನಿಂದ ಒರೆಸಿ, ಮಗನ ಹೆಬ್ಬೆರಳಿನ ಮೇಲೆ ತಮ್ಮ ಹೆಬ್ಬೆರಳು ಇಡುತ್ತಾರೆ. ಚಿತ್ರ ಸರಿದು ಹೋಗುತ್ತದೆ. ಮತ್ತೆ ತಂದುಕೊಡುತ್ತೇನೆ.

ಇವತ್ತು ಬೆಳಿಗ್ಗೆ ಹಾಕಿದ್ದು ನೂರಾ ಮೂವತ್ತನೆಯದು. ಜೇನು ಸಾಕುವ ಪುಸ್ತಕ. ಅದರ ಬಗ್ಗೆ ಅಪ್ಪ "ಇದು ಗಾಳಿಗೆ ಹಾರೋ ಹತ್ತಿಯಷ್ಟ ಹಗುರ" ಅಂದಿದ್ದರು. ಇನ್ನು ಚಿತ್ರ ಇಲ್ಲ. ಅಜ್ಜಿಗೆ ಹೇಳಿಲ್ಲ.

ಹೋದ ಶುಕ್ರವಾರ ನೀನು ಫೋನಿನಲ್ಲಿ "ಅವ್ವಾ, ಅಪ್ಪನ ಕೈ ಇರೋ ಫೋಟೋ ಎಲ್ಲಾ ಕಳ್ಸು. ಬ್ಯಾಸಿಗಿ ಫೋಟೋದಾಗ ಬರೇ ಹೆಬ್ಬಟ್ಟು ಕಾಣತೈತಿ, ಉಳಿದ ಬಟ್ಟು ಯಾಕ ಕಾಣಂಗಿಲ್ಲ?" ಎಂದು ಕೇಳಿದಿ. ಪುಸ್ತಕದ ಮುಖಪುಟ ಪೂರ್ತಿ ಕಾಣಲಿ ಎಂದು ಬೆರಳನ್ನು ಹಿಂದೆ ಹಿಡಿಸಿದೆ ಅಂದೆ. ಆಮೇಲೆ, ಕ್ಲಾಸಿನಲ್ಲಿ ಉಗುರು ನೋಡಿ ರೋಗ ಗುರುತಿಸುವ ಪಾಠ ಆಯಿತು ಅಂದಿ. ನಾನು ಒಲೆಯ ಮೇಲೆ ಹಾಲು ಇದೆ ಎಂದು ಫೋನು ಇಟ್ಟೆ. ಹಾಲು ಇರಲಿಲ್ಲ.

ಚಿತ್ರಗಳೆಲ್ಲ ಒಂದು ಪೆನ್‌ಡ್ರೈವಿನಲ್ಲಿವೆ. ಚಟ್ನಿ ಡಬ್ಬಿಯ ಜೊತೆ ಕಾಗದದಲ್ಲಿ ಸುತ್ತಿಟ್ಟಿದ್ದೇನೆ. ಒಂದನ್ನೂ ತೆಗೆದಿಲ್ಲ.

ಹುಷಾರಾಗಿರು. ಅಲ್ಲಾಹ್ ನಿನ್ನ ಬೆನ್ನಿಗಿರಲಿ. ನಿನ್ನ ಕೈಗೆ ಬಂದ ರೋಗಿಗಳೆಲ್ಲ ತಮ್ಮ ಕಾಲ ಮೇಲೆ ನಡೆದು ಮನೆಗೆ ಹೋಗಲಿ. ಅಜ್ಜಿ ದುವಾ ಹೇಳಿದ್ದಾರೆ.

ನಿನ್ನ ಅವ್ವ,
ಹಸೀನಾಬಿ

ತಾ.ಕ.: ಫೋನಿನಲ್ಲಿ ನಿನಗೆ ಹೇಳಿದ್ದು ಸುಳ್ಳು. ಮುಖಪುಟಕ್ಕಾಗಿ ಬೆರಳು ಮರೆ ಮಾಡಿಸಲಿಲ್ಲ. ಫೆಬ್ರವರಿಯಲ್ಲಿ ಒಂದು ಚಿತ್ರದ ಕೆಳಗೆ, ಶಿಗ್ಲಿಯಿಂದ ಬರುವ ಒಂಬತ್ತನೆಯ ತರಗತಿಯ ಅಂಕಿತಾ ಎಂಬ ಹುಡುಗಿ "ಅಕ್ಕೋರ, ಪುಸ್ತಕ ಹಿಡದವ್ರ ಉಗುರು ಉಬ್ಬಿ ನೀಲಿ ಆಗ್ಯಾವ, ನೋಡ್ರಿ" ಎಂದು ಬರೆದಿದ್ದಳು. ಅದರ ಕೆಳಗೆ ಯಾರೋ ಇಬ್ಬರು ನಗುವ ಮುಖ ಹಾಕಿದ್ದರು. ನಿಮ್ಮಪ್ಪನ ಕೈಯನ್ನು ಆಡಿಕೊಂಡರೆಂದು ನನಗೆ ಮೈ ಉರಿಯಿತು. ಅಳಿಸಿದೆ. ಮರುದಿನ ಹುಡುಗಿಯನ್ನು ಕರೆದು "ಪುಸ್ತಕ ನೋಡಾಕ ಹಾಕೇನಿ, ಕೈ ನೋಡಾಕಲ್ಲ" ಎಂದು ಬೈದೆ. ಅಪ್ಪನಿಗೆ ವಿಷಯ ಹೇಳಲಿಲ್ಲ. "ಬಟ್ಟು ಹಿಂದ ಮಾಡ್ರಿ, ಹೆಬ್ಬಟ್ಟಷ್ಟ ಮಗ್ಗಲಾಗಿ ಇರ್ಲಿ" ಅಂದೆ. "ಯಾಕ, ನನ್ನ ಬಟ್ಟು ಚಂದ ಇಲ್ಲೇನು?" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ನಾನೂ ಆ ಬೆರಳುಗಳನ್ನು ನೋಡಲಿಲ್ಲ.

ಜೂನ್ ಕೊನೆಗೆ ಗದಗಿನಲ್ಲಿ ಡಾಕ್ಟರು ಎದೆ ನೋಡುವ ಮೊದಲು ಕೈ ನೋಡಿದರು. ನೀನು ಚೀಟಿ ಮಾಡಿಸಲು ಹೋಗಿದ್ದಿ. "ಈ ಉಗುರು ಎಷ್ಟ ತಿಂಗಳಿಂದ ಹಿಂಗ ಅದಾವ? ಮನ್ಯಾಗ ಯಾರೂ ನೋಡ್ಲಿಲ್ಲೇನು? ನಾಕೈದ ತಿಂಗಳ ಮೊದ್ಲ ಕರಕೊಂಡ ಬಂದಿದ್ರ ಏನರ ಮಾಡಬಹುದಿತ್ತು" ಅಂದರು. ನಾನು ಬಾಯಿ ತೆಗೆಯುವಷ್ಟರಲ್ಲಿ ನಿಮ್ಮಪ್ಪ, ನನ್ನ ಕಡೆ ನೋಡದೆ, "ಮೊನ್ನೆ ಮೊನ್ನೆ ಆಗ್ಯಾವ್ರಿ ಸಾಹೇಬ್ರ" ಅಂದರು.

ಇವತ್ತು ಅಂಕಿತಾ ಪುಸ್ತಕ ಕೊಡಲು ಬಂದವಳು ಎಲ್ಲರೂ ಹೋಗುವತನಕ ನಿಂತಳು. "ಅಕ್ಕೋರ, ನಾ ಆವತ್ತ ನಗಾಕ ಬರದಿದ್ದಿಲ್ರಿ. ನಮ್ಮಜ್ಜಾಗೂ ಹಂಗ ಆಗಿತ್ತು" ಅಂದಳು.

ಪೆನ್‌ಡ್ರೈವಿನ ಚಿತ್ರಗಳನ್ನು ತಾರೀಖಿನ ಪ್ರಕಾರ ನೋಡು. ಹೋದ ವರ್ಷದ ದೀಪಾವಳಿಯ ಹೊತ್ತಿನಿಂದ ಫೆಬ್ರವರಿಯವರೆಗೆ ಉಗುರು ಬದಲಾದದ್ದು ನಿನಗೆ ಕಾಣುತ್ತದೆ. ನನ್ನ ಕಣ್ಣಿಗೂ ಈಗ ಕಾಣುತ್ತದೆ. ಈ ಭಾನುವಾರ ನೀನು ಮನೆಗೆ ಬಾರದಿದ್ದರೆ ಯಾಕೆಂದು ನಾನು ಕೇಳುವುದಿಲ್ಲ.

ನಾಳೆ ಶನಿವಾರ, ಬೆಳಗಿನ ಶಾಲೆ. ಶಾಲೆ ಬಿಟ್ಟ ಮೇಲೆ ಗಾಳೆಪ್ಪ ಮಾಸ್ತರರು ಹನ್ನೆರಡೂವರೆಯ ಬಸ್ಸಿಗೆ ಗದಗಿಗೆ ಹೊರಡುತ್ತಾರೆ.